ತಿಪ್ಪಮ್ಮನ ಕೆಂಪು ಸೀರೆ

ಬರ್ಮಾದ ಯುದ್ಧದಿಂದ ರಾಯದುರ್ಗಕ್ಕೆ ಮರಳಿದಾಗ ಎರ್ರಪ್ಪನ ಟ್ರಂಕಿನಲ್ಲಿ ಒಂದು ದಪ್ಪ ಕಂಬಳಿ, ಒಂದು ಕ್ಯಾಮೆರಾ ಮತ್ತು ಒಂದೇ ಒಂದು ಬಣ್ಣದ ರೀಲು ಇದ್ದವು. ಕಂಬಳಿಯನ್ನು ಅವನ ತಾಯಿ ಈರಕ್ಕ ಅವತ್ತೇ ತನ್ನ ಹಾಸಿಗೆಗೆ ಸೇರಿಸಿಕೊಂಡಳು. ಕ್ಯಾಮೆರಾ ಅನ್ನದ ದಾರಿಯಾಯಿತು. ಬಜಾರಿನಲ್ಲಿ ಒಂದು ಕೋಣೆ ಹಿಡಿದು, ಅರಮನೆಯ ಕಂಬಗಳನ್ನು ಬರೆದ ಪರದೆಯೊಂದನ್ನು ಗೋಡೆಗೆ ತೂಗುಹಾಕಿ, ಹೊಸದಾಗಿ ಮದುವೆಯಾದ ಜೋಡಿಗಳನ್ನು ಅದರ ಮುಂದೆ ನಿಲ್ಲಿಸಿ ಅವನು ಕಪ್ಪು ಬಿಳುಪು ಫೋಟೋ ತೆಗೆಯತೊಡಗಿದ. ಬಣ್ಣದ ರೀಲು ಮಾತ್ರ ಹಾಗೇ ಉಳಿಯಿತು.

ಸೈನ್ಯದ ಫೋಟೋ ವಿಭಾಗದಲ್ಲಿ ಎರ್ರಪ್ಪ ಕತ್ತಲೆಕೋಣೆಯ ಕೆಲಸಕ್ಕಿದ್ದ. ಅಲ್ಲಿಂದ ತನ್ನ ದೇಶಕ್ಕೆ ಹೊರಟ ಅಮೆರಿಕದ ಅಧಿಕಾರಿಯೊಬ್ಬ ಆ ರೀಲನ್ನು ಅವನ ಕೈಗಿಟ್ಟು, ಮನೆಯವರ ಫೋಟೋ ತೆಗೆ ಎಂದು ಹೇಳಿ ಹೋಗಿದ್ದ. ಅಂಥ ರೀಲು ರಾಯದುರ್ಗದಲ್ಲಿರಲಿ, ಬಳ್ಳಾರಿಯಲ್ಲೂ ಸಿಗುವ ವಸ್ತುವಲ್ಲ. ತೆಗೆದ ಮೇಲೆ ಅದನ್ನು ಇಲ್ಲಿ ತೊಳೆಯಲೂ ಬರುವುದಿಲ್ಲ. ಬೊಂಬಾಯಿಗೆ ಕಳಿಸಬೇಕು, ಅವರು ಸಮುದ್ರದಾಚೆಗೆ ಕಳಿಸುತ್ತಾರೆ. ಬಿಸಿಲಿನ ಝಳಕ್ಕೆ ಕೆಡದಿರಲೆಂದು ಈರಕ್ಕ ಆ ಡಬ್ಬಿಯನ್ನು ರಾಗಿ ತುಂಬಿದ ಮಣ್ಣಿನ ವಾಡೆಯೊಳಗೆ ಹುಗಿದಿಟ್ಟಿದ್ದಳು. ಬೀಸಲು ರಾಗಿ ತೆಗೆಯುವಾಗಲೆಲ್ಲ ಕೈಯಾಡಿಸಿ, "ಐತಿ, ಐತಿ," ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

ನಲವತ್ತೇಳನೆಯ ಇಸವಿಯ ಸಂಕ್ರಾಂತಿಗೆ ರೀಲು ವಾಡೆಯಿಂದ ಹೊರಬಂದು ಕ್ಯಾಮೆರಾ ಸೇರಿತು. ಅಲ್ಲಿಂದ ಮನೆಯವರ ಕಷ್ಟ ಶುರುವಾಯಿತು. ಬಣ್ಣದ ರೀಲಿಗೆ ಬಿಸಿಲು ಬಹಳ ಬೇಕು. ಹಾಗಾಗಿ ಎರ್ರಪ್ಪ ಎಲ್ಲರನ್ನೂ ನೆತ್ತಿಯ ಮೇಲೆ ಸೂರ್ಯ ಬರುವ ಹೊತ್ತಿಗೆ ಮಾಳಿಗೆ ಹತ್ತಿಸುತ್ತಿದ್ದ. ಹತ್ತಿಸಿದ ಮೇಲೆ ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಕ್ಯಾಮೆರಾಕ್ಕೆ ಅಂಟಿಸಿ, ಹಿಂದೆ ಸರಿದು, ಮುಂದೆ ಬಂದು, ಕೊನೆಗೆ, "ಬ್ಯಾಡ, ಇದು ಅಷ್ಟು ಚಂದಿಲ್ಲ," ಎಂದು ಇಳಿಸಿಬಿಡುತ್ತಿದ್ದ. ಒಂದು ಚಿತ್ರ ಹಾಳಾದರೂ ಮತ್ತೆ ಬರುವುದಿಲ್ಲವೆಂಬ ಹೆದರಿಕೆ ಅವನಿಗೆ.

"ನಿಮ್ಮ ಮಗ ಬರೇ ಕಣ್ಣು ಹೊಡಿತಾರ್ರಿ ಅತ್ತಿ, ಫೋಟೋ ಹೊಡಿಯಂಗಿಲ್ಲ," ಎಂದು ಅವನ ಹೆಂಡತಿ ಪಾಪಕ್ಕ ಅತ್ತೆಗೆ ದೂರು ಹೇಳಿದಳು. ಗುಮ್ಮಘಟ್ಟದ ಕಡೆಯ ಹುಡುಗಿ. ಮದುವೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಮನಸ್ಸಿಗೆ ಬಂದದ್ದು ಬಾಯಿಗೆ ಬರಲು ಅವಳಲ್ಲಿ ಹೆಚ್ಚು ಹೊತ್ತು ಹಿಡಿಯುತ್ತಿರಲಿಲ್ಲ.

"ಹೊಡದ್ರ ಹೊಡಿಯಪ್ಪ, ಇಲ್ಲಾಂದ್ರ ಬಿಡು. ಮೆಣಸಿನಕಾಯಿ ಜೊತಿಗೆ ನಾನೂ ಒಣಗಾಕತ್ತೀನಿ," ಎಂದಳು ಈರಕ್ಕ. ಆಗ ಅವಳು ಮಾಳಿಗೆಯ ಮೇಲೆ ಹರವಿದ ಕೆಂಪು ಮೆಣಸಿನಕಾಯಿಯ ನಡುವೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಆ ಸಿಟ್ಟಿನ ಮುಖ ಎರ್ರಪ್ಪನಿಗೆ ಹಿಡಿಸಿತು. ಅದನ್ನು ಒತ್ತಿದ. ಮಾರನೆಯ ದಿನ ಪಾಪಕ್ಕ ತಲೆಗೂದಲು ಆರಿಸಿಕೊಳ್ಳುವಾಗ ಒಂದು. ಎಮ್ಮೆಯ ಕರು ಈರಕ್ಕನ ಸೆರಗು ಮೇಯುವಾಗ ಒಂದು. ಹೀಗೆ ಜಿಪುಣನಂತೆ ಖರ್ಚು ಮಾಡುತ್ತಿರುವಾಗಲೇ ಮಡಕಶಿರಾದಿಂದ ಸೋದರಮಾವ ಬಂದಿಳಿದ.

ಮಾವ ಲಕ್ಷ್ಮೀನರಸಪ್ಪ ಈರಕ್ಕನ ತಮ್ಮ. ಮಡಕಶಿರಾ ತಾಲ್ಲೂಕಿನಲ್ಲಿ ಹೇಮಾವತಿಯ ಹತ್ತಿರದ ಒಂದು ಹಳ್ಳಿಯವನು. ಕಡಲೆಕಾಯಿ ಕಿತ್ತು, ರಾಗಿ ಒಕ್ಕಿ, ಕಣದ ಕೆಲಸ ಮುಗಿದ ಮೇಲೆ ಅಕ್ಕನನ್ನು ನೋಡಿ ಬರೋಣವೆಂದು ಹೆಂಡತಿ ತಿಪ್ಪಮ್ಮನೊಂದಿಗೆ ಹೊರಟಿದ್ದ. ಪಾವಗಡ, ಕಲ್ಯಾಣದುರ್ಗ ಎಂದು ಬಸ್ಸು ಬದಲಿಸುತ್ತ, ಇದ್ದಿಲಿನಿಂದ ಓಡುವ ಆ ಬಸ್ಸುಗಳ ಹೊಗೆಯಲ್ಲಿ ಮುಳುಗೆದ್ದು ಬಂದ ಆ ಎತ್ತರದ ಮನುಷ್ಯ ಕಡಲೆಕಾಯಿಯ ಮೂಟೆಯನ್ನು ಜಗಲಿಗೆ ಇಳಿಸಿ, ನೀರು ಕುಡಿಯುವ ಮೊದಲೇ ಕೀಟಲೆ ಶುರುಮಾಡಿದ.

"ಏನ್ಲಾ ಎರ್ರ, ಯುದ್ಧಕ್ಕೋದೋನು ತುಪಾಕಿ ತರ್ತಾನೆ ಅಂತ ನಾನು ಊರಿಗೆಲ್ಲ ಹೇಳ್ಕಂಡು ತಿರುಗಿದ್ರೆ, ನೀನು ಡಬ್ಬಿ ತಂದಿದ್ದೀಯಂತೆ?"

"ಬಣ್ಣದ ಫೋಟೋ ಬರ್ತೈತ್ರಿ ಮಾಮಾ ಅದರಾಗ," ಎಂದ ಎರ್ರಪ್ಪ.

"ಬಣ್ಣ ಹಚ್ಚೋರು ಯಾರು, ನಿನ್ನ ಹೆಂಡ್ತಿಯಾ?"

"ಹಚ್ಚೋದು ಇಲ್ರಿ. ಇದ್ದದ್ದು ಇದ್ದಂಗ ಬರ್ತೈತಿ."

"ಇದ್ದದ್ದು ಇದ್ದಂಗೆ ಬಂದ್ರೆ ಯಾರಪ್ಪ ಫೋಟೋ ತೆಗೆಸ್ತಾರೆ!" ಎಂದು ಲಕ್ಷ್ಮೀನರಸಪ್ಪ ನಕ್ಕ. ಆಮೇಲೆ ಅಕ್ಕನ ಕಡೆ ತಿರುಗಿ, "ನೋಡಕ್ಕ, ನಿನ್ನ ಮಗನೂ ಐತಿ ಅಂತಾನೆ, ನೀನೂ ಐತೆ ಬಿಟ್ಟು ಐತಿ ಅಂತೀಯ. ನಮ್ಮಪ್ಪ ಇದ್ದಿದ್ರೆ ಯಾವ ಸೀಮೆಯೋಳಮ್ಮಾ ನೀನು ಅಂತ ಕೇಳ್ತಿದ್ದ," ಎಂದ.

"ಹೋಗ್ಲಾ," ಎಂದಳು ಈರಕ್ಕ. ತಮ್ಮನ ಎದುರು ಅವಳ ಬಾಯಿಗೆ ತವರಿನ ಮಾತು ತಾನಾಗಿ ಬಂತು. ಎಲ್ಲರೂ ನಕ್ಕರು.

ತಿಪ್ಪಮ್ಮ ಹೆಚ್ಚು ಮಾತಿನವಳಲ್ಲ. ಆದರೆ ಗಂಡನ ಪಕ್ಕದಿಂದ ಅವಳು ಕದಲುತ್ತಿರಲಿಲ್ಲ. ಪಾಪಕ್ಕ ಬೋಗುಣಿಯ ತುಂಬ ಬಾರೆಹಣ್ಣು ತಂದಿಟ್ಟಾಗ ಲಕ್ಷ್ಮೀನರಸಪ್ಪ ಕೈ ಹಾಕಿ ಹಸಿರು ಕಾಯೊಂದನ್ನು ಎತ್ತಿದ. ತಿಪ್ಪಮ್ಮ ಅದನ್ನು ಅವನ ಬೆರಳಿನಿಂದ ಬಿಡಿಸಿ, ಕೆಂಪಗೆ ಹಣ್ಣಾದದ್ದನ್ನು ಇಟ್ಟಳು. "ಅದ್ರಲ್ಲಿ ಹುಳ ಐತೆ," ಎಂದಳು. ಎರಡನೆಯದರಲ್ಲೂ ಹುಳ ಇತ್ತಂತೆ. ಮೂರನೆಯದರಲ್ಲೂ. ಎಷ್ಟು ಅಕ್ಕರೆ ನೋಡು ಎಂದುಕೊಂಡ ಪಾಪಕ್ಕ, ತನ್ನ ಗಂಡ ಮೂಗಿಗೆ ಕ್ಯಾಮೆರಾ ಒತ್ತಿಕೊಂಡು ಕೂತಿದ್ದನ್ನು ನೋಡಿ ನಿಟ್ಟುಸಿರುಬಿಟ್ಟಳು.

ಮಾರನೆಯ ದಿನ ಬಿಸಿಲೇರಿದಾಗ ಮಾವ ಅತ್ತೆಯರ ಫೋಟೋ ಎಂದು ತೀರ್ಮಾನವಾಯಿತು. ಲಕ್ಷ್ಮೀನರಸಪ್ಪ ಮೀಸೆಗೆ ಎಣ್ಣೆ ಹಚ್ಚಿ, ಹೊಸ ಬಿಳಿ ರುಮಾಲು ಸುತ್ತಿ ಮೊದಲೇ ಮಾಳಿಗೆ ಹತ್ತಿದ್ದ. ಹಿಂದೆ ಕೋಟೆಯ ಬೆಟ್ಟ ಕಾಣುವಂತೆ ಎರ್ರಪ್ಪ ಅವನನ್ನು ಅಲ್ಲಿಲ್ಲಿ ಸರಿಸಿ ನಿಲ್ಲಿಸುತ್ತಿದ್ದ. ಮಾವ ಕೆಳಕ್ಕೆ ಬಾಗಿ ಕೂಗಿದ: "ತಿಪ್ಪಿ, ಆ ಕೆಂಪು ಸೀರೆ ಉಟ್ಕಂಡು ಬಾ! ಬಣ್ಣದ ಫೋಟೋಗೆ ಕೆಂಪು ಸೀರೆ ಇಲ್ದಿದ್ರೆ ಏನ್ ಚೆಂದ?"

ಸ್ವಲ್ಪ ಹೊತ್ತಿಗೆ ತಿಪ್ಪಮ್ಮ ಏಣಿ ಹತ್ತಿ ಬಂದಳು. ಹಳೆಯದಾದರೂ ಜತನದಿಂದ ಇಟ್ಟುಕೊಂಡ ಮಗ್ಗದ ಸೀರೆ. ಮಡಿಕೆಯ ಗುರುತುಗಳು ಇನ್ನೂ ಹಾಗೇ ಇದ್ದವು. ಹುರುಳಿಯ ಎಳೆ ಬಳ್ಳಿಯಂತೆ ಅದು ಹಚ್ಚ ಹಸಿರಾಗಿತ್ತು.

"ಅತ್ತೀ, ಕೆಂಪುದು..." ಎಂದು ಪಾಪಕ್ಕ ಬಾಯಿ ತೆರೆದಳು. ತಿಪ್ಪಮ್ಮ ಅವಳ ಕಾಲ್ಬೆರಳನ್ನು ತುಳಿದಳು. ಪಾಪಕ್ಕ ಬಾಯಿ ಮುಚ್ಚಿದಳು.

"ನೋಡ್ಲಾ, ನಾನೇ ಆರಿಸಿ ತಂದದ್ದು," ಎಂದ ಲಕ್ಷ್ಮೀನರಸಪ್ಪ, ಹೆಂಡತಿಯನ್ನು ಮೇಲಿನಿಂದ ಕೆಳಗೆ ನೋಡುತ್ತ. "ಮದುವೆಯಾದ ವರ್ಷ ಹಿಂದೂಪುರದ ಸಂತೆಯಲ್ಲಿ. ಇವತ್ತಿಗೂ ಬಣ್ಣ ಬಿಟ್ಟಿಲ್ಲ. ಆ ಕೆಂಪು ಚೆನ್ನಾಗಿ ಬೀಳ್ಬೇಕು ನೋಡಪ್ಪ."

ಎರ್ರಪ್ಪ ತಾಯಿಯ ಮುಖ ನೋಡಿದ. ಈರಕ್ಕ ತಮ್ಮನ ಮುಖ ನೋಡಿದಳು. ತಿಪ್ಪಮ್ಮ ಯಾರ ಮುಖವನ್ನೂ ನೋಡದೆ ಬೆಟ್ಟದ ಕಡೆ ನೋಡುತ್ತಿದ್ದಳು.

"ಬೀಳ್ತೈತ್ರಿ ಮಾಮಾ," ಎಂದು ಎರ್ರಪ್ಪ ಒಂದು ಕಣ್ಣು ಮುಚ್ಚಿದ. ಇಡೀ ರೀಲಿನಲ್ಲಿ ಅವನು ಹಿಂದೆ ಮುಂದೆ ನೋಡದೆ ಒತ್ತಿದ್ದು ಅದೊಂದೇ ಫೋಟೋ.

ಮಾವ ಬಜಾರು ನೋಡಲು ಹೋದದ್ದೇ ತಡ, ಅತ್ತಿಗೆ ನಾದಿನಿಯರು ಒಲೆಯ ಮುಂದೆ ಸೇರಿದರು. ಪಾಪಕ್ಕ ಬಾಗಿಲಿಗೊರಗಿ ನಿಂತಳು. ಎರ್ರಪ್ಪ ನೀರು ಕುಡಿಯುವ ನೆವದಲ್ಲಿ ಒಳಗೆ ಬಂದವನು ಅಲ್ಲೇ ಉಳಿದ.

"ತಿಪ್ಪಮ್ಮ, ನನ್ನ ತಮ್ಮಗ ಕಣ್ಣು ಮಂಜಾಗ್ಯಾವೇನು?" ಎಂದು ಈರಕ್ಕ ಕೇಳಿದಳು.

"ಕಣ್ಣು ಹದ್ದಿನಂಗವೆ ಅತ್ತಿಗೆ. ಕೆರೆ ಏರಿ ಮೇಲೆ ಯಾರು ಬತ್ತಾವ್ರೆ ಅಂತ ಮನೇಲಿ ಕೂತು ಹೇಳ್ತಾರೆ. ಆದ್ರೆ ಕೆಂಪು ಹಸಿರು ಎರಡೂ ಅವ್ರಿಗೆ ಒಂದೇ."

ಆಮೇಲೆ ಅವಳು ಹೇಳಿದಳು. ಹೊಸ ಮದುವಣಗಿತ್ತಿಯಾಗಿದ್ದಾಗ ಗಂಡ ಒಂದು ದಿನ ನಿನಗೆ ಯಾವ ಬಣ್ಣ ಇಷ್ಟ ಎಂದು ಕೇಳಿದ್ದ. ನಾಚಿಕೆಯಿಂದ ನೆಲ ನೋಡುತ್ತ ಕೆಂಪು ಎಂದಿದ್ದಳು. ಮುಂದಿನ ಸಂತೆಗೆ ಅವನು ಸೀರೆ ತಂದ. ಅಂಗಡಿಯವನು ಬೇರೆ ಗಿರಾಕಿಗಳ ಜೊತೆ ಮಾತಿನಲ್ಲಿದ್ದಾಗ ರಾಶಿಯಿಂದ ತಾನೇ ಎಳೆದು ತಂದಿದ್ದನಂತೆ. ಬಿಚ್ಚಿ ಅವಳ ಮುಂದೆ ಹರವಿ, ಮುತ್ತುಗದ ಹೂವಿನಂಗೈತೆ ನೋಡು ಎಂದ. ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡು ಅವಳು ತಲೆಯೆತ್ತಿದಳು. ಅವನ ಮುಖದಲ್ಲಿ ತಮಾಷೆ ಇರಲಿಲ್ಲ.

"ಅಷ್ಟು ಸಂತೋಷದಾಗೆ ನಿಂತಿದ್ರು. ಹೆಂಗೆ ಹೇಳ್ಲಿ? ಹೂಂ ಅಂದೆ. ಆ ಹೂಂ ಇವತ್ತಿನವರೆಗೂ ನಡ್ಕಂಡು ಬಂದೈತೆ."

"ಮಕ್ಕಳಿಗೆ ಗೊತ್ತಿಲ್ಲೇನ್ರಿ ಅತ್ತಿ?" ಎಂದು ಪಾಪಕ್ಕ ಕೇಳಿದಳು.

"ನಮ್ಮ ಹೆಣ್ಣುಮಕ್ಕಳು ಚಿಕ್ಕಂದಿನಿಂದ ಅದನ್ನ ಕೆಂಪು ಸೀರೆ ಅಂತಾನೇ ಕರೆಯೋದು. ಅದರ ಹೆಸರೇ ಅದು ಅಂದ್ಕಂಡವೆ."

ಪಾಪಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು. ಈರಕ್ಕ ಮಾತ್ರ ನಗಲಿಲ್ಲ. ಒಲೆಯ ಉರಿಯನ್ನೇ ನೋಡುತ್ತ, "ನಮ್ಮಪ್ಪ ಬಾರೆಹಣ್ಣು ತರಾಕ ಕಳಿಸ್ತಿದ್ದ," ಎಂದಳು. "ನಾನು ಹಣ್ಣು ತರ್ತಿದ್ದೆ, ಇವನು ಬರೇ ಕಾಯಿ ತರ್ತಿದ್ದ. ಸೋಮಾರಿ, ಕೈಗೆ ಸಿಕ್ಕಿದ್ದು ಕಿತ್ಕಂಡು ಬರ್ತಾನ ಅಂತ ಅಪ್ಪ ಬಾರುಕೋಲು ತಗಂತಿದ್ದ. ನಾನು ನಿಂತು ನಗ್ತಿದ್ದೆ ತಿಪ್ಪಮ್ಮ."

ಅವತ್ತಿನಿಂದ ತಮ್ಮನ ಮೇಲೆ ಈರಕ್ಕನ ಪ್ರೀತಿ ಉಕ್ಕಿ ಹರಿಯಿತು. ಊಟಕ್ಕೆ ಕೂತರೆ ಅವನ ತಟ್ಟೆಗೆ ತುಪ್ಪ ಸುರಿದಳು. ಒಬ್ಬಟ್ಟು ಮಾಡಿದಳು. ಮಗನಿಂದ ಕಸಿದುಕೊಂಡಿದ್ದ ಕಂಬಳಿಯನ್ನು ತಂದು ತಮ್ಮನಿಗೆ ಹೊದಿಸಿದಳು. ಹುಟ್ಟಿದಾರಭ್ಯ ತನ್ನೊಂದಿಗೆ ಜಗಳವಾಡಿಕೊಂಡು ಬಂದ ಅಕ್ಕ ಹೀಗೆ ಮೆತ್ತಗಾದದ್ದು ನೋಡಿ ಲಕ್ಷ್ಮೀನರಸಪ್ಪನಿಗೆ ದಿಗಿಲಾಯಿತು. ಅಳಿಯನನ್ನು ಜಗಲಿಗೆ ಕರೆದು ಮೆಲ್ಲಗೆ ಕೇಳಿದ: "ಲೇ, ನಿಜ ಹೇಳು. ನಂಗೇನಾದ್ರೂ ಕಾಯಿಲೆ ಅಂತ ನಿಮ್ಮತ್ತೆ ಬಂದು ಹೇಳವ್ಳಾ? ನಿಮ್ಮವ್ವ ನನ್ನನ್ನ ಸಾಯೋನ ನೋಡ್ದಂಗೆ ನೋಡ್ತಾವ್ಳೆ."

"ಏನಿಲ್ರಿ ಮಾಮಾ. ಒಬ್ಬನೇ ತಮ್ಮ ಅಂತ."

"ಇಷ್ಟು ವರ್ಷ ಇಬ್ಬರಿದ್ವಾ?"

ಹೊರಡುವ ದಿನ ತಿಪ್ಪಮ್ಮ ಎರ್ರಪ್ಪನನ್ನು ಪಕ್ಕಕ್ಕೆ ಕರೆದಳು. ಫೋಟೋ ಬಂದರೆ ಊರಿಗೆ ತರಬೇಡ, ಜನರೆದುರು ಅವರು ಕೆಂಪು ಅಂದರೆ ಎಲ್ಲರೂ ನಗುತ್ತಾರೆ ಎಂದಳು. ಟಪಾಲಿನಲ್ಲಿ ಹಾಳಾಯಿತೆಂದು ಹೇಳಿಬಿಡುತ್ತೇನೆ ಎಂದು ಅವನೆಂದ.

"ಅಯ್ಯೋ, ಸುಳ್ಳು ಬ್ಯಾಡಪ್ಪ."

"ನೀವು ಇಷ್ಟು ವರ್ಷ ಹೇಳಿದ್ದು ಏನ್ರಿ ಅತ್ತಿ?"

"ನಾನೆಲ್ಲಿ ಸುಳ್ಳು ಹೇಳ್ದೆ? ಅವ್ರು ಕೆಂಪು ಅಂದ್ರು. ನಾನು ಹೂಂ ಅಂದೆ. ಅಷ್ಟೇ," ಎಂದಳು ತಿಪ್ಪಮ್ಮ, ಬಹಳ ಗಂಭೀರವಾಗಿ.

ರೀಲು ಬೊಂಬಾಯಿಗೆ ಹೋಯಿತು. ತಿಂಗಳುಗಳು ಕಳೆದವು. ಮಾವನಿಗೆ ಮಾತ್ರ ತಾಳ್ಮೆಯಿರಲಿಲ್ಲ. ಕಲ್ಯಾಣದುರ್ಗದ ಕಡೆಯಿಂದ ಬರುವ ಬಸ್ಸಿನ ಡ್ರೈವರು ಜಯಣ್ಣನ ಬಾಯಿಯಲ್ಲಿ ಆಗಾಗ ಸುದ್ದಿ ಕಳಿಸುತ್ತಿದ್ದ. ಜಯಣ್ಣ ಸ್ಟುಡಿಯೋ ಮುಂದೆ ಬಸ್ಸು ನಿಲ್ಲಿಸಿ, ಬಜಾರಿಗೆಲ್ಲ ಕೇಳುವಂತೆ, "ಎರ್ರಪ್ಪಾ, ನಿಮ್ಮ ಮಾವ ಕೇಳ್ಯಾರ, ಕೆಂಪು ಸೀರಿ ಬಂತೇನು?" ಎನ್ನುತ್ತಿದ್ದ. ಎದುರಿನ ಅಂಗಡಿಯವರು ಯಾವ ಸೀರೆ, ಯಾರಿಗೆ ಎಂದು ಪಾಪಕ್ಕನನ್ನು ಕೇಳಲು ಶುರುಮಾಡಿದರು.

ಬೇಸಿಗೆ ಜೋರಾಗಿದ್ದಾಗ ಸಣ್ಣದೊಂದು ಪೆಟ್ಟಿಗೆ ಬಂತು. ಒಳಗೆ ರಟ್ಟಿನ ಚೌಕಟ್ಟಿನ ಸ್ಲೈಡುಗಳು. ಪ್ರತಿಯೊಂದರ ನಡುವೆ ಬೆಂಕಿಪೆಟ್ಟಿಗೆಗಿಂತ ಚಿಕ್ಕದಾದ ಚಿತ್ರ. ಬೆಳಕಿಗೆ ಹಿಡಿದರೆ ಮಾತ್ರ ಕಾಣುತ್ತಿತ್ತು. ಮೂವರೂ ಬಾಗಿಲ ಬೆಳಕಿಗೆ ಮುಗಿಬಿದ್ದರು. ವಾಡೆಯ ರಾಗಿ ಎಷ್ಟು ಕಾದರೂ ಬಿಸಿ ತನ್ನ ಕೆಲಸ ಸ್ವಲ್ಪ ಮಾಡಿತ್ತು. ಕೋಟೆಯ ಬೆಟ್ಟ ನೇರಳೆ ಬಣ್ಣಕ್ಕೆ ತಿರುಗಿತ್ತು. ಕೆಲವು ಪೂರ್ತಿ ಮಸುಕಾಗಿದ್ದವು. ಆದರೆ ಉಳಿದವು! ಮೆಣಸಿನಕಾಯಿಯ ಕೆಂಪು ನೋಡಿ ಈರಕ್ಕ ಸೀನಿದಳು.

"ನಾನು ಇಷ್ಟು ಕಪ್ಪದೀನೇನ್ರಿ?" ಎಂದಳು ಪಾಪಕ್ಕ, ತನ್ನದನ್ನು ಹಿಡಿದು.

"ಬಿಸಿಲಿಗೆ ಹಂಗ ಕಾಣ್ತೈತಿ," ಎಂದ ಎರ್ರಪ್ಪ.

"ಕರು ಬೆಳ್ಳಗೆ ಬಂದೈತಲ್ಲ, ಅದಕ್ಕ ಬಿಸಿಲು ಇರಲಿಲ್ಲೇನು?"

ಅತ್ತೆ ಮಾವನ ಚಿತ್ರ ಎಲ್ಲಕ್ಕಿಂತ ಚೆನ್ನಾಗಿ ಬಂದಿತ್ತು. ಮಾವ ಎದೆಯುಬ್ಬಿಸಿ ನಿಂತಿದ್ದ. ಅತ್ತೆಯ ಸೀರೆ ಇದ್ದದ್ದಕ್ಕಿಂತಲೂ ಹಸಿರಾಗಿತ್ತು. ಬಚ್ಚಿಡಲು ಏನೂ ಉಳಿದಿರಲಿಲ್ಲ.

ಹಾಳಾಯಿತೆಂದು ಹೇಳೋಣವೆಂದರೆ, ಬೆಟ್ಟ ನೇರಳೆಯಾದರೂ ಮಾವನ ಚಿತ್ರ ಚೆನ್ನಾಗಿ ಬಂದಿದೆಯೆಂಬ ಸುದ್ದಿ ಜಯಣ್ಣನಿಗೆ ಆಗಲೇ ಮುಟ್ಟಿತ್ತು. "ಹೋಗೋಣ ನಡಿ," ಎಂದಳು ಈರಕ್ಕ. "ನಾನೂ ಬರ್ತೀನಿ. ಯಾರಾದ್ರೂ ನನ್ನ ತಮ್ಮನ್ನ ನೋಡಿ ನಗಲಿ, ನೋಡ್ತೀನಿ." ಮನೆ ಮತ್ತು ಎಮ್ಮೆಯನ್ನು ಪಾಪಕ್ಕನಿಗೆ ಒಪ್ಪಿಸಿ ತಾಯಿ ಮಗ ಹೊರಟರು.

ಅವರು ಹಳ್ಳಿ ತಲುಪಿದಾಗ ಲಕ್ಷ್ಮೀನರಸಪ್ಪ ಮನೆ ಮುಂದಿನ ಹೊಂಗೆ ಮರದ ಕೆಳಗೆ ಕೇರಿಯನ್ನೆಲ್ಲ ಸೇರಿಸಿಕೊಂಡು ಕಾಯುತ್ತಿದ್ದ. ಸಮುದ್ರದಾಚೆಯಿಂದ ತನ್ನ ಫೋಟೋ ಬರುತ್ತಿದೆಯೆಂದು ಎಲ್ಲರಿಗೂ ಹೇಳಿದ್ದ. ತಿಪ್ಪಮ್ಮ ಬಾಗಿಲಲ್ಲಿ ನಿಂತು ಎರ್ರಪ್ಪನನ್ನು ನೋಡಿದ ನೋಟಕ್ಕೆ ಅವನು ತಲೆ ತಗ್ಗಿಸಿದ.

ಕೇಳಿದ ಮೇಲೆ ಕೊಡದಿರಲಾಗಲಿಲ್ಲ. ಮಾವ ಸ್ಲೈಡನ್ನು ಬೆರಳ ತುದಿಯಲ್ಲಿ ಹಿಡಿದು ಆಕಾಶಕ್ಕೆ ಎತ್ತಿದ. ಮೊದಲು ತಲೆಕೆಳಗಾಗಿ ಹಿಡಿದಿದ್ದ. ಎರ್ರಪ್ಪ ತಿರುಗಿಸಿ ಕೊಟ್ಟ. ಬಹಳ ಹೊತ್ತು ನೋಡಿದ.

"ಭೇಷ್," ಎಂದ ಕೊನೆಗೆ. "ಇಗೋ ಕದರಪ್ಪ, ನೋಡು."

ಪಕ್ಕದ ಹೊಲದ ಕದರಪ್ಪ ಅವನ ಹಳೆಯ ಗೆಳೆಯ. ಅವನು ಒಂದು ಕಣ್ಣು ಮುಚ್ಚಿ, ಬಾಯಿ ತೆರೆದು ನೋಡಿದ. "ಅಬ್ಬಬ್ಬಾ! ಮೀಸೆ ನೋಡ್ರಪ್ಪ! ತಿಪ್ಪಮ್ಮನ ಹಸಿರು ಸೀರೆ ನೋಡ್ರಪ್ಪ, ಗದ್ದೆ ನಾಟಿ ಮಾಡ್ದಂಗೈತೆ!"

ಈರಕ್ಕ ಮುಂದೆ ಬಂದಳು. ಎರ್ರಪ್ಪ ಕೆಮ್ಮಿದ. ಬಾಗಿಲಲ್ಲಿದ್ದ ತಿಪ್ಪಮ್ಮ ಮಜ್ಜಿಗೆಯ ತಂಬಿಗೆ ಹಿಡಿದವಳು ಹಾಗೇ ಓಡಿಬಂದು, "ಬಿಸಿಲಿಗೆ ಅಂಗೆ ಕಾಣ್ತೈತೆ ಕದರಪ್ಪಣ್ಣ! ಆ ರೀಲು ಹಳೇದು! ಬೆಟ್ಟಾನೇ ನೇರಳೆ ಬಂದೈತಂತೆ, ಇನ್ನು ಸೀರೆ ಯಾವ ಲೆಕ್ಕ? ಅದು ಕೆಂಪು ಸೀರೆ!" ಎಂದಳು. ಮೂವತ್ತು ವರ್ಷದ ಸಂಸಾರದಲ್ಲಿ ಅವಳು ಜನರೆದುರು ಅಷ್ಟು ಮಾತು ಒಟ್ಟಿಗೆ ಆಡಿದ್ದನ್ನು ಯಾರೂ ಕೇಳಿರಲಿಲ್ಲ.

ಲಕ್ಷ್ಮೀನರಸಪ್ಪ ಹೆಂಡತಿಯ ಕಡೆ ತಿರುಗಿದ. "ಯಾವತ್ತು ಕೆಂಪಾಗಿತ್ತೇ ಅದು?" ಎಂದ.

ತಿಪ್ಪಮ್ಮನ ಕೈಯಲ್ಲಿ ತಂಬಿಗೆ ಓರೆಯಾಗಿ ಮಜ್ಜಿಗೆ ಕಾಲ ಮೇಲೆ ಚೆಲ್ಲಿತು.

"ತಂದ ವರ್ಷಾನೇ ನಮ್ಮವ್ವ, ಆ ಹಸಿರು ಸೀರೆ ಮಳೇಲಿ ನೆನೀತೈತೆ ತಗೊಳ್ಳೇ ಅಂತ ನಿನ್ನ ಕೂಗಲಿಲ್ವಾ? ನಾನು ಅಲ್ಲೇ ಹಗ್ಗ ಹೊಸೀತಾ ಕೂತಿದ್ದೆ. ಆಗ್ಲೇ ಗೊತ್ತಾಯ್ತು. ನಂಗೆ ಕೆಂಪು ಹಸಿರು ತಿಳಿಯಲ್ಲ ಅನ್ನೋದು ನಮ್ಮಪ್ಪನ ಬಾರುಕೋಲು ಚಿಕ್ಕಂದಿನಲ್ಲೇ ಹೇಳ್ಕೊಟ್ಟಿತ್ತು. ಆದ್ರೆ ನೀನು ಯಾಕೆ ಕೆಂಪು ಅಂತೀಯ ಅಂತ ಅರ್ಥ ಆಗ್ಲಿಲ್ಲ. ಪಾಪ, ಇವಳಿಗೂ ನನ್ನಂಗೇ ಕಣ್ಣಿನ ಐಬು ಐತೆ, ಯಾರಿಗೂ ತಿಳೀಬಾರ್ದು ಅಂತ ಸುಮ್ಕಾದೆ."

"ನಂಗೆ ಐಬಾ!" ಎಂದಳು ತಿಪ್ಪಮ್ಮ.

"ಹೂಂ ಮತ್ತೆ. ನಾಕೈದು ವರ್ಷ ನಿನ್ನನ್ನ ಕಾಪಾಡ್ಕಂಡು ಬಂದೆ. ಆಮೇಲೆ ಒಂದಿನ ಮೆಣಸಿನಕಾಯಿ ಬಿಡಿಸ್ವಾಗ ನೋಡ್ದೆ. ಹಣ್ಣು ಬೇರೆ, ಕಾಯಿ ಬೇರೆ, ಪಟಪಟ ಅಂತ ಆರಿಸಿ ಹಾಕ್ತಿದ್ದೆ. ಓಹೋ ಅಂದ್ಕಂಡೆ."

"ಅವತ್ತೇ ಹೇಳ್ಬಾರ್ದಿತ್ತೇನ್ಲಾ?" ಎಂದು ಈರಕ್ಕ ಕೇಳಿದಳು.

"ಹೆಂಗೆ ಹೇಳ್ಲಿ ಅಕ್ಕ? ನಾನು ಕಾಯಿಗೆ ಕೈ ಹಾಕಿದ್ರೆ ಸಾಕು, ಹುಳ ಐತೆ ಅಂತ ಓಡಿ ಬರ್ತಾಳೆ. ಅದನ್ನ ನೋಡಾಕೇ ನಾನು ಬೇಕಂತ ಕಾಯಿಗೆ ಕೈ ಹಾಕ್ತೀನಿ. ಎಳೇ ಕಾಯಿ ಗಟ್ಟಿ ಇರ್ತೈತೆ ಅಂತ ಬೆರಳಿಗೆ ತಿಳಿಯಲ್ವಾ?"

ಹೊಂಗೆಯ ಕೆಳಗೆ ನಗು ಸಿಡಿಯಿತು. ಕದರಪ್ಪ ತೊಡೆ ತಟ್ಟಿಕೊಂಡ. ಯಾರು ನಗುತ್ತಾರೋ ನೋಡುತ್ತೇನೆ ಎಂದು ಬಂದಿದ್ದ ಈರಕ್ಕನೇ ಎಲ್ಲರಿಗಿಂತ ಹೆಚ್ಚು ನಕ್ಕು, ಕೊನೆಗೆ ಕಣ್ಣೊರೆಸಿಕೊಂಡಳು. ತಿಪ್ಪಮ್ಮ ತಂಬಿಗೆಯನ್ನು ನೆಲಕ್ಕೆ ಕುಕ್ಕಿ ಒಳಗೆ ಹೋದಳು.

ಅವಳ ಸಿಟ್ಟು ಊಟದಲ್ಲಿ ತಿಳಿಯಿತು. ಮುದ್ದೆಯ ಪಕ್ಕದಲ್ಲಿ ಎರಡು ಚಟ್ನಿಯ ಬಟ್ಟಲುಗಳನ್ನಿಟ್ಟಳು. ಒಂದು ಕೊತ್ತಂಬರಿಯದು, ಇನ್ನೊಂದು ಒಣಮೆಣಸಿನಕಾಯಿಯದು. ಖಾರ ತಿನ್ನಲಾರದ ಗಂಡನಿಗೆ ಯಾವಾಗಲೂ ತಾನೇ ಕೊತ್ತಂಬರಿ ಚಟ್ನಿ ಬಡಿಸುತ್ತಿದ್ದವಳು ಅವತ್ತು ಗೋಡೆಗೊರಗಿ ನಿಂತು, "ಎಲ್ಲಾ ಬೆರಳಿಗೆ ತಿಳೀತದಂತಲ್ಲ. ನೀವೇ ಹಾಕ್ಕಳ್ಳಿ," ಎಂದಳು. ಲಕ್ಷ್ಮೀನರಸಪ್ಪ ಎರಡನ್ನೂ ನೋಡಿದ. ಅಕ್ಕನ ಮುಖ ನೋಡಿದ; ಅಕ್ಕ ಮೇಲೆ ತೊಲೆ ನೋಡುತ್ತಿದ್ದಳು. ಧೈರ್ಯ ಮಾಡಿ ಒಂದರಿಂದ ಧಾರಾಳವಾಗಿ ತೆಗೆದು ಮುದ್ದೆಗೆ ಒತ್ತಿಕೊಂಡು ನುಂಗಿದ. ಮುಖ ಊದಿತು, ಕಣ್ಣಲ್ಲಿ ನೀರು ಬಂತು. ತಿಪ್ಪಮ್ಮ ನಗಬಾರದೆಂದು ತುಟಿ ಕಚ್ಚಿದಳು, ಆಗಲಿಲ್ಲ. ಬೆಲ್ಲ ತರಲು ಓಡಿದಳು.

ಸಂಜೆ ಮಾವ ಅಳಿಯನನ್ನು ಕರೆದುಕೊಂಡು ಹೊಲದ ಕಡೆ ಹೋದ. ಬದುವಿನ ಮೇಲೆ ಕೂತು ಜೇಬಿನಿಂದ ಸ್ಲೈಡು ತೆಗೆದು, ಮುಳುಗುವ ಸೂರ್ಯನಿಗೆ ಮತ್ತೊಮ್ಮೆ ಹಿಡಿದ.

"ನಿಮಗ ಇದು ಹೆಂಗ ಕಾಣ್ತೈತ್ರಿ ಮಾಮಾ?" ಎಂದು ಎರ್ರಪ್ಪ ಕೇಳಿದ. ಬಹಳ ಹೊತ್ತಿನಿಂದ ಅವನಿಗೆ ಕೇಳಬೇಕಾಗಿತ್ತು.

"ಒಣಗಿದ ಎಲೆ ಬಣ್ಣ. ನೀನು ಕೆಂಪು ಅಂತೀಯಲ್ಲ, ಅದೂ ಅಂಗೇ. ಆದ್ರೆ ಮುಖ ಚೆನ್ನಾಗಿ ಬಂದೈತೆ ಕಣ್ಲಾ ಅವಳದು. ಎಲ್ಲಿ ಸಿಕ್ಕಿಬೀಳ್ತೀನೋ ಅಂತ ಹೆದರ್ಕಂಡು ನಿಂತಾವ್ಳೆ." ಸ್ಲೈಡನ್ನು ಜೇಬಿಗೆ ಸೇರಿಸಿ ಅವನು ಮುಂದುವರಿಸಿದ, "ಕೆಂಪು ಇಷ್ಟ ಅಂದಿದ್ಲು. ಒಂದು ಕೆಂಪು ಸೀರೆ ತರೋದು ನನ್ನ ಕೈಲಾಗ್ಲಿಲ್ಲ. ತಮಾಷೆ ಅಂತ ನಡ್ಸಿದ್ದು ನಿಜ. ಆದ್ರೆ ಗೊತ್ತು ಅಂತ ಒಪ್ಕಂಡ್ರೆ ಅದನ್ನೂ ಒಪ್ಕಬೇಕಿತ್ತಲ್ಲ."

ಎರ್ರಪ್ಪ ಕಡಲೆಕಾಯಿ ಬಿತ್ತನೆಗೆ ಮಳೆ ಯಾವಾಗ ಬರಬಹುದೆಂದು ಕೇಳಿದ. ಮಾವ ಅದಕ್ಕೆ ಸಂತೋಷದಿಂದ ಉತ್ತರ ಕೊಟ್ಟ.

ಮರುದಿನ ಮಾವ ಗಾಡಿ ಕಟ್ಟಿದ. ಎರ್ರಪ್ಪನನ್ನು ಮಡಕಶಿರಾದಲ್ಲಿ ಬಸ್ಸಿಗೆ ಬಿಡುವ ನೆವದಲ್ಲಿ ತಿಪ್ಪಮ್ಮನನ್ನೂ ಹತ್ತಿಸಿಕೊಂಡ. ಈರಕ್ಕ ತವರಿನಲ್ಲಿ ಇನ್ನಷ್ಟು ದಿನ ಇದ್ದು ಬರುತ್ತೇನೆಂದು ಉಳಿದಳು. ಯುದ್ಧದ ಕಾಲದಿಂದ ಗಿರಣಿ ಬಟ್ಟೆಗೆ ಸರ್ಕಾರದ ಕಂಟ್ರೋಲು. ಸಿಕ್ಕರೂ ಒರಟು ಬಿಳಿ ಬಟ್ಟೆಯೇ. ಆದ್ದರಿಂದ ಮಾವ ಗಾಡಿಯನ್ನು ನೇರವಾಗಿ ಮಗ್ಗದವರ ಬೀದಿಗೆ ಹೊಡೆದು, ಲಿಂಗಾಯತರ ಪಂಚಾಕ್ಷರಯ್ಯ ಎಂಬ ಸೀರೆ ವ್ಯಾಪಾರಿಯ ಜಗಲಿಯ ಮೇಲೆ ಹೆಂಡತಿಯನ್ನು ಕೂರಿಸಿದ.

"ಕೆಂಪು ಸೀರೆ ತೋರ್ಸಿ ಸ್ವಾಮಿ. ಎಲ್ಲಾ ತೋರ್ಸಿ. ನಾನು ಕೈ ಹಾಕಲ್ಲ, ಅವಳೇ ಆರಿಸ್ಲಿ."

ಪಂಚಾಕ್ಷರಯ್ಯ ಕೆಂಪು ಸೀರೆಗಳನ್ನು ಒಂದರ ಮೇಲೊಂದು ಬಿಚ್ಚಿದ. ಕುಂಕುಮದ ಕೆಂಪು, ದಾಳಿಂಬೆಯ ಕೆಂಪು, ಇಟ್ಟಿಗೆಯ ಕೆಂಪು. ತಿಪ್ಪಮ್ಮ ಒಂದೊಂದನ್ನೂ ಸವರಿ ನೋಡಿದಳು. ಅವಳ ಕಣ್ಣು ಹೊಳೆಯುತ್ತಿತ್ತು. ಆಮೇಲೆ ತಟ್ಟನೆ ಗಂಡನ ಕಡೆ ತಿರುಗಿ, "ನಿಮ್ಗೆ ಯಾವ ಬಣ್ಣ ಸರಿಯಾಗಿ ಕಾಣ್ತೈತೆ?" ಎಂದು ಕೇಳಿದಳು.

"ನನ್ನ ಮಾತು ಯಾಕೆ? ನೀನು..."

"ಹೇಳ್ರಿ ಅಂದ್ರೆ."

"ನೀಲಿ ಚೆನ್ನಾಗಿ ಕಾಣ್ತೈತೆ. ಹಳದೀನೂ. ಅವೆರಡ್ರಲ್ಲಿ ಯಾವತ್ತೂ ಮೋಸ ಹೋಗಿಲ್ಲ."

"ಇಷ್ಟು ವರ್ಷ ಬಾಯಿ ಬಿಟ್ಟು ಇದೊಂದು ಹೇಳೋಕಾಗ್ಲಿಲ್ಲ ನಿಮ್ಗೆ," ಎಂದು ಗೊಣಗಿ ಅವಳು ಕೆಂಪು ರಾಶಿಯನ್ನು ಪಕ್ಕಕ್ಕೆ ತಳ್ಳಿದಳು. ಪಂಚಾಕ್ಷರಯ್ಯ ಒಳಗೆ ಹೋಗಿ, ನೀಲಿ ಒಡಲಿಗೆ ಅಪ್ಪಟ ಅರಿಶಿನದ ಅಂಚಿನ ಸೀರೆಯೊಂದನ್ನು ತಂದು ಹರವಿದ. ಲಕ್ಷ್ಮೀನರಸಪ್ಪ ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಳ್ಳತೊಡಗಿದ. ಅಂಚನ್ನು ತಿಪ್ಪಮ್ಮ ಹೆಗಲ ಮೇಲೆ ಹಾಕಿಕೊಂಡು ತೋರಿಸಿದಾಗ, "ಅದೇ ಇರ್ಲಿ," ಎಂದಷ್ಟೇ ಅಂದ.

ಆ ಕ್ಷಣಕ್ಕೆ ಎರ್ರಪ್ಪನ ಹತ್ತಿರ ರೀಲು ಇರಲಿಲ್ಲ. ಅವನು ಒಂದು ಕಣ್ಣು ಮುಚ್ಚಿ ನೋಡಿಕೊಂಡ, ಅಷ್ಟೇ.

ರಾಯದುರ್ಗಕ್ಕೆ ಮರಳಿ, ಕಾಲು ತೊಳೆದು, ನಡೆದದ್ದನ್ನೆಲ್ಲ ಪಾಪಕ್ಕನಿಗೆ ಹೇಳಿದ. ಅವಳು ಗಲ್ಲಕ್ಕೆ ಕೈಯಿಟ್ಟು ಕೇಳಿದಳು. ಒಮ್ಮೆ ನಕ್ಕಳು, ಒಮ್ಮೆ ಮೂಗು ಸುರಿಸಿದಳು. ಎಲ್ಲ ಮುಗಿದ ಮೇಲೆ ಗಂಡನನ್ನೇ ಅನುಮಾನದಿಂದ ನೋಡತೊಡಗಿದಳು.

"ನೀವು ನನ್ನಿಂದ ಏನು ಮುಚ್ಚಿಟ್ಟೀರಿ? ಈಗಲೇ ಹೇಳಿಬಿಡ್ರಿ. ನಾನು ಬ್ಯಾಸರ ಮಾಡ್ಕಳಂಗಿಲ್ಲ."

ಎರ್ರಪ್ಪ ಬಹಳ ಯೋಚಿಸಿದ. ಅವಳು ಅಷ್ಟು ಅಕ್ಕರೆಯಿಂದ ಕೇಳುತ್ತಿದ್ದಳು.

"ನೀನು ಮಾಡೋ ಸಾರಿಗೆ ಉಪ್ಪು ಸ್ವಲ್ಪ ಜಾಸ್ತಿ ಬೀಳ್ತೈತಿ," ಎಂದ.

ಪಾಪಕ್ಕ ಎದ್ದು ಎಮ್ಮೆಗೆ ಹುಲ್ಲು ಹಾಕಲು ಹೋದಳು. ಈರಕ್ಕ ಊರಿನಿಂದ ಬರುವವರೆಗೂ ಆ ಮನೆಯಲ್ಲಿ ಸಾರಿಗೆ ಉಪ್ಪೇ ಬೀಳಲಿಲ್ಲ.